ಹುಳು ಹಣ್ಣಾದ ದಿನ ಬಂದ ನೆಂಟರು

ನಾನು ಮುಖಕ್ಕೆ ಪೌಡರ್ ಹಾಕುವುದಿಲ್ಲ. ಅಜ್ಜಿ ಎಷ್ಟು ಸರಳ ಎಂದು ಮೊಮ್ಮಕ್ಕಳಾದ ನೀವು ಹೊಗಳುತ್ತೀರಿ. ನಿಜವಾಗಿ ಅದು ಸರಳತೆಯಲ್ಲ, ನಮ್ಮಮ್ಮನ ಭಯ. ಸುಗಟೂರಿನ ಮನೆಯಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಿದ್ದಳು. ಪೌಡರ್, ಮಲ್ಲಿಗೆ, ಬೀಡಿ, ಯಾವ ವಾಸನೆಯೂ ಹುಳುಮನೆಗೆ ಹೋಗಕೂಡದು. ಹೋದರೆ ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ ಎನ್ನುತ್ತಿದ್ದಳು. ಒಗ್ಗರಣೆ ಹಾಕಿದ ಕೈ ತೊಳೆಯದೆ ಬಾಗಿಲಲ್ಲಿ ನಿಂತರೂ ಅವಳ ಮೂಗಿಗೆ ತಿಳಿಯುತ್ತಿತ್ತು.

ಮುತ್ತಜ್ಜಿಯ ಬಗ್ಗೆ ಬರೆ ಎಂದಿದ್ದೀರಿ. ಅವಳು ಹುಟ್ಟಿದ ದಿನ ನನಗೆ ಗೊತ್ತಿಲ್ಲ. ನಾನು ಹುಟ್ಟಿದ್ದು ಹುಳು ಎರಡನೇ ಸಲ ಪೊರೆ ಬಿಟ್ಟ ಮಾರನೇ ದಿನವಂತೆ. ಅವಳ ಪಂಚಾಂಗ ಅದು. ಮನುಷ್ಯರ ಜೊತೆ ಕನ್ನಡ, ಹುಳುಗಳ ಜೊತೆ ತೆಲುಗು. "ತಿನು ನಾಯನಾ, ತಿನು" ಎಂದು ತಟ್ಟೆಗಳ ಮುಂದೆ ಬಾಗಿ ಮುದ್ದು ಮಾಡುತ್ತಿದ್ದಳು. ನನ್ನನ್ನು ಅಷ್ಟು ಪ್ರೀತಿಯಿಂದ ಊಟಕ್ಕೆ ಕರೆದ ನೆನಪಿಲ್ಲ. ಗಂಡ ತೀರಿಹೋಗಿ, ನಿಮ್ಮಮ್ಮ ಮಂಜುಳೆಯನ್ನು ಎತ್ತಿಕೊಂಡು ನಾನು ತವರಿಗೆ ಬಂದಾಗಲೂ ಸಮಾಧಾನ ಹೇಳಲಿಲ್ಲ. ಸೊಪ್ಪಿನ ಕುಕ್ಕೆ ಕೈಗಿಟ್ಟಳು. ನಾವಿಬ್ಬರೂ ಆ ಸೊಪ್ಪು ಹಾಕಿಕೊಂಡೇ ಮಂಜುಳೆಯನ್ನು ಓದಿಸಿದೆವು.

ಮಂಜುಳೆಯನ್ನು ನೋಡಲು ಬಂದಿದ್ದ ಎರಡು ಗಂಡಿನ ಕಡೆಯವರು ತಂದೆಯಿಲ್ಲದ ಹುಡುಗಿ ಎಂದು ಹಿಂದೆ ಸರಿದಿದ್ದರು. ಮೂರನೆಯವರು ಮಾಲೂರಿನವರು. ಇದೂ ತಪ್ಪಿದರೆ ಎಂಬ ಚಿಂತೆಯಲ್ಲಿ ನನಗೆ ವಾರದಿಂದ ಅನ್ನ ಸೇರುತ್ತಿರಲಿಲ್ಲ. ಆ ಹೊತ್ತಿಗೆ ಹುಳು ಹಣ್ಣಾಗಲು ಇನ್ನೂ ಎರಡು ದಿನ ಇರುತ್ತದೆ ಎಂದು ಲೆಕ್ಕ ಹಾಕಿ ಅಮ್ಮನೇ ಅವರಿಗೆ ದಿನ ಕೊಟ್ಟಿದ್ದಳು. ಅವಳ ಲೆಕ್ಕ ತಪ್ಪಿದ್ದು ಅದೊಂದೇ ಸಲ.

ನಮ್ಮ ಶಾಲೆಯ ಪುಸ್ತಕದಲ್ಲಿ ರೇಷ್ಮೆಯ ಪಾಠವಿತ್ತು. ಹಣ್ಣಾದ ಹುಳುವಿನ ಮೈ ಹೊಳೆಯುತ್ತದೆ, ಅದು ನೂಲು ತೆಗೆಯುತ್ತದೆ ಎಂದಿತ್ತು. ಆ ದಿನ ಮನೆಯವರ ಗತಿ ಏನಾಗುತ್ತದೆ ಎಂದು ಬರೆದಿರಲಿಲ್ಲ. ಒಂದೊಂದನ್ನೂ ಆಯ್ದು, ಗೂಡು ಕಟ್ಟಲು ಚಂದ್ರಂಕಿ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಪಾಲು.

ಹುಡುಗ, ಅವನ ತಾಯಿ, ಅಣ್ಣ, ಭಾವ ಬಂದು ಅಂಗಳದಲ್ಲಿ ನಿಂತರು. ಹುಳುಮನೆಯಿಂದ ಅಮ್ಮನ ತಲೆ ಹೊರಬಂತು.

"ಬಂದ್ರಾ? ಕೈ ತೊಳ್ಕೊಂಡು ಒಳಕ್ಕೆ ಬನ್ರಪ್ಪಾ, ಹುಳ ಹಣ್ಣಾಗ್ಬಿಟ್ಟವೆ. ಏನಮ್ಮಾ, ನೀನು ಬರೋದಾದ್ರೆ ಆ ಹೂವು ತೆಗ್ದಿಟ್ಟು ಬಾ."

ಮುತ್ತೈದೆಯ ತಲೆಯ ಹೂವು! ತೆಗೆ ಎಂದವಳು ವಿಧವೆ, ಪಕ್ಕದಲ್ಲಿ ನಿಂತ ನಾನೂ ವಿಧವೆ, ನಡೆಯುತ್ತಿರುವುದು ಹೆಣ್ಣು ನೋಡುವ ಶಾಸ್ತ್ರ. ಮೊದಲೇ ಹೊಸಬರ ಮುಂದೆ ನನಗೆ ಮಾತು ಬರುವುದಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದವಳು "ಕಾಫಿ" ಎಂದೆ.

ಹುಡುಗನ ತಾಯಿ ಹೂವನ್ನೊಮ್ಮೆ ಮುಟ್ಟಿಕೊಂಡರು. "ಹೂವು ತೆಗಿಯೋಕಾಗಲ್ಲ ಅಜ್ಜೀ, ನಾನು ಹೊರಗೇ ಇರ್ತೀನಿ. ಕೆಲ್ಸ ಅಂದ್ರೆ ನಮಗೂ ಗೊತ್ತು. ಇವತ್ತು ನಮ್ಮ ಭಟ್ಟೀಲಿ ಇಟ್ಟಿಗೆ ಸುಡ್ತಾವ್ರೆ, ಬೆಂಕಿ ಬಿಟ್ಟು ಬರೋಕಾಗ್ದೆ ಇವರಪ್ಪ ಅಲ್ಲೇ ಉಳ್ಕೊಂಡ್ರು." ಆಮೇಲೆ ನನ್ನ ಕಡೆ ತಿರುಗಿ, "ಒಲೆ ಎಲ್ಲೈತಕ್ಕಾ? ಏನೋ ತಳ ಹತ್ತಿದ ವಾಸ್ನೆ ಬರ್ತೈತೆ" ಎಂದರು.

ನನ್ನ ಉಪ್ಪಿಟ್ಟು! ಆಕೆ ಸೆರಗು ಸಿಕ್ಕಿಸಿ ನಮ್ಮ ಅಡುಗೆಮನೆಯಲ್ಲಿ ಹೊಸದಾಗಿ ರವೆ ಹುರಿದರು. ಗಂಡಸರು ಮೂವರೂ ಹುಳುಮನೆ ಸೇರಿದರು. "ಅದು ಇನ್ನೂ ಕಾಯಿ ಕಣಪ್ಪಾ, ಕಣ್ಣು ಕಾಣಲ್ವಾ?" ಎಂದು ಅಮ್ಮ ಯಾರನ್ನೋ ಗದರಿದ್ದೂ, ಅಲ್ಲೇ ಹುಳು ಆಯುತ್ತಿದ್ದ ಮಂಜುಳೆ ಕಿಸಕ್ಕನೆ ನಕ್ಕಿದ್ದೂ ಕೇಳಿಸಿತು.

ಮುತ್ತಜ್ಜಿ ಬೀಗರನ್ನು ಪರೀಕ್ಷೆ ಮಾಡಿದಳು ಎಂದು ನಮ್ಮವರು ಇಂದಿಗೂ ಕಥೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜನ ಏನೆಂದುಕೊಳ್ಳುತ್ತಾರೆ ಎಂದು ಕೊರಗುವುದಕ್ಕೂ, ಜನರನ್ನು ಅಳೆಯುವುದಕ್ಕೂ ಪುರುಸೊತ್ತು ಬೇಕು. ನನಗೆ ಅದು ಯಾವಾಗಲೂ ಇತ್ತು. ಅವಳಿಗೆ ಇರಲಿಲ್ಲ, ಅವಳಿಗೆ ಬೇಕಾಗಿದ್ದದ್ದು ಕೈಗಳು.

ಕೊನೆಯ ಹುಳುವೂ ಚಂದ್ರಂಕಿ ಹತ್ತಿದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತರು. ಅಮ್ಮ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದಳು.

"ಹುಡುಗಿ ನಮಗೆ ಒಪ್ಪಿಗೆ ಅಜ್ಜೀ," ಎಂದರು ಆ ತಾಯಿ. "ನಮ್ಮ ಹುಡುಗ ನಿಮಗೆ ಹೆಂಗೆ?"

ಅಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. "ಇವ್ರಲ್ಲಿ ಹುಡುಗ ಯಾರಮ್ಮಾ?"

ಅಷ್ಟು ಹೊತ್ತೂ ಅವಳ ಪಕ್ಕದಲ್ಲೇ ಚಂದ್ರಂಕಿ ಹಿಡಿದು ನಿಂತಿದ್ದ ನಿಮ್ಮಪ್ಪ, ಕ್ಲಾಸಿನಲ್ಲಿ ಹಾಜರಿ ಹೇಳುವವರ ಹಾಗೆ ಮೆಲ್ಲಗೆ ಕೈ ಎತ್ತಿದ.