ನಮ್ಮ ಬೀದಿಯ ಬಣ್ಣದಕ್ಕ

ಅವಳ ಕೈಗಳು ಮೊಣಕೈವರೆಗೂ ನೀಲಿ. ತಿಕ್ಕಿ ತೊಳೆದರೂ ಹೋಗದ ನೀಲಿ. ಸೇಲಂನ ನಮ್ಮ ನೇಕಾರರ ಬೀದಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವಳು ಅವಳೇ. ಗಂಡ ತೀರಿಕೊಂಡ ಮೇಲೂ ಮನೆಮುಂದಿನ ಬಣ್ಣದ ಬಾನಿಗಳನ್ನು ಬಿಟ್ಟಿರಲಿಲ್ಲ. ಎಲ್ಲರಿಗೂ ಅವಳು ಬಣ್ಣದಕ್ಕ.

ನಾನು ಮಾರಂಡಹಳ್ಳಿಯಿಂದ ಮದುವೆಯಾಗಿ ಅವಳ ಪಕ್ಕದ ಮನೆಗೆ ಬಂದೆ. ಬಯಲಲ್ಲಿ ಬೆಳೆದವಳಿಗೆ ಮಗ್ಗದ ಸದ್ದಿನ ಮನೆಯಲ್ಲಿ ಉಸಿರುಕಟ್ಟುತ್ತಿತ್ತು. ಅಂಗಳದಲ್ಲಿ ಕೂತು ಅಳುತ್ತಿದ್ದಾಗ ಗೋಡೆಯಾಚೆಯಿಂದ ಅವಳೇ ಮೊದಲು ಮಾತಾಡಿಸಿದಳು. "ಅತ್ತು ಏನ್ಮಾಡ್ತೀಯವ್ವ? ಒಳ್ಳೆ ಮಣ್ಣು ಐತೆ, ಏನಾರ ನೆಡು."

ಅವಳ ಅಂಗಳ ಬಣ್ಣದ ನೀರು ಕುಡಿದು ಕೆಟ್ಟಿತ್ತು, ಹುಲ್ಲೂ ಹುಟ್ಟುತ್ತಿರಲಿಲ್ಲ. ಅದಕ್ಕೇ ಇರಬೇಕು, ನಮ್ಮ ಅಂಗಳವೆಂದರೆ ಅಷ್ಟು ಆಸೆ. ಎಲ್ಲಿಗೆ ಹೋದರೂ ಮಡಿಲಲ್ಲಿ ಮಲ್ಲಿಗೆಯದೋ ಕನಕಾಂಬರದ್ದೋ ಕಡ್ಡಿ ತರುವಳು. ನೆಟ್ಟು, ಸಗಣಿನೀರು ಹಾಕಿ, ಬೇಸಿಗೆಯಲ್ಲಿ ತನ್ನ ಪಾಲಿನ ನೀರನ್ನೂ ಸುರಿಯುವಳು.

ಮೂವತ್ತೈದೋ ಮೂವತ್ತಾರೋ ಇಸವಿ. ಬೀದಿಯ ಹಿರಿಯರು ಒಂದು ಪಂದ್ಯ ಇಟ್ಟರು. ಚೊಕ್ಕ ಮನೆ, ಚೆಂದದ ಅಂಗಳ ಯಾರದೋ ಅವರಿಗೆ ಹಿತ್ತಾಳೆ ಕೊಡ. ಬೀದಿಗೆ ಬೀದಿಯೇ ಗುಡಿಸಿ ಸಾರಿಸಿತು. ನಮ್ಮ ಗೋಡೆಗೆ ಸುಣ್ಣ ಕಲಸಿಕೊಟ್ಟವಳೂ ಅಕ್ಕನೇ.

ನೋಡಲು ಬಂದ ಹಿರಿಯರು ನಮ್ಮ ಬಾಗಿಲಲ್ಲಿ ನಿಂತುಬಿಟ್ಟರು. "ಯಾರಮ್ಮ ಇದೆಲ್ಲ ಬೆಳೆಸಿದ್ದು?" ಎಂದರು.

"ನಾನೇ," ಎಂದೆ.

ಹಿಂದಿರುಗುವಾಗ ಅವರಲ್ಲೊಬ್ಬರ ಬಿಳಿ ಪಂಚೆಗೆ ನಮ್ಮ ಬಾಗಿಲ ಮುಂದೆ ಹರಿಯುತ್ತಿದ್ದ ಬಣ್ಣದ ನೀರು ಸಿಡಿಯಿತು. "ಇದೇನಮ್ಮ ಇದು?"

"ಪಕ್ಕದ ಮನೇದು. ನಾವೆಷ್ಟು ಗುಡಿಸಿದ್ರೂ ಅರಿದು ಬತ್ತೈತೆ." ಸುಳ್ಳೇನಲ್ಲ. ಕೊಡ ಕೈತಪ್ಪೀತು ಎಂಬ ಹೆದರಿಕೆ ನನಗೆ. ಗೋಡೆಯಾಚೆ ನೂಲು ಹಿಂಡುತ್ತಿದ್ದ ಅಕ್ಕನಿಗೂ ಕೇಳಿಸಿರಬೇಕು.

ಕೊಡ ನಮಗೇ ಬಂತು. ಅದೇ ಸಂಜೆ, ನೂಲಿಗೆ ಹೊರಗಡೆ ಬಣ್ಣ ಹಾಕಿಸಿದರಾಯಿತು, ಬೀದಿಯಲ್ಲಿ ಇನ್ನು ಬಣ್ಣದ ಕೆಲಸ ಕೂಡದೆಂದು ಹಿರಿಯರು ತೀರ್ಮಾನಿಸಿದರು.

"ಬೀದಿ ಚೊಕ್ಕ ಆಗ್ಲಿ ಸಾಮಿ. ನಾನು ಎಲ್ಗೆ ಓಗ್ಲಿ?" ಎಂದು ಅಕ್ಕ ಕೇಳಿದಳು. ಕೊಡ ಹಿಡಿದು ನಾನೂ ಅಲ್ಲೇ ನಿಂತಿದ್ದೆ. ನನ್ನ ಮುಖ ನೋಡಿ, "ಪೋಗಟ್ಟುಂ, ಓಗ್ಲಿ ಬಿಡವ್ವ," ಎಂದು ಒಳಗೆ ಹೋದಳು.

ಬಾನಿಗಳನ್ನು ಗಾಡಿಗೆ ಹೇರಿಕೊಂಡು ತಾರಮಂಗಲಂನ ತಂಗಿಯ ಮನೆ ಸೇರಿದಳು. ಅಲ್ಲಿ ಬಣ್ಣ ಹಾಕುವವರು ಮೊದಲೇ ಇದ್ದರು. ಇವಳು ಕೂಲಿಗೆ ನೂಲು ಸುತ್ತಿದಳು.

ಆ ಊರಿನ ಮದುವೆಯೊಂದಕ್ಕೆ ಹೋದಾಗ ಹುಡುಕಿಕೊಂಡು ಹೋದೆ. ಬಡವಾಗಿದ್ದಳು. ಕೂರಿಸಿ, ಮುದ್ದೆ ಕಟ್ಟಿ ಬಡಿಸಿದಳು.

"ಅಕ್ಕಾ, ಅವತ್ತು ನಾನು..." ಎಂದೆ.

"ಉಣ್ಣೋವಾಗ ಅದ್ಯಾಕೆ? ಸಾರು ಆರ್ತೈತೆ, ಉಣ್ಣು."

ಕೈ ತೊಳೆದ ಮೇಲೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಹೊರಗೆ ಗಾಡಿಯವನು ಕೂಗಿದ. ಎದ್ದು ಬಂದೆ.

ಮುಂದಿನ ಮಳೆಗಾಲಕ್ಕೆ ಮುಂಚೆಯೇ ಅವಳು ತೀರಿಹೋದಳೆಂಬ ಸುದ್ದಿ ಬಂತು. ಅವಳು ಅವತ್ತು ನನ್ನನ್ನು ಕ್ಷಮಿಸಿ ಮಾತು ತಡೆದಳೋ, ಕೇಳಲಾರದೆ ತಡೆದಳೋ, ಇವತ್ತಿಗೂ ನನಗೆ ತಿಳಿಯದು.