ಜೇಬಿನಲ್ಲಿದ್ದ ಫ್ಯೂಸು

ನನ್ನ ಮಾವನವರ ಅಂಗಿಗಳಿಗೆಲ್ಲ ಎಡಜೇಬು ಜೋತುಬಿದ್ದಿರುತ್ತಿತ್ತು. ಎಷ್ಟು ಇಸ್ತ್ರಿ ಹಾಕಿದರೂ ಸೋತ ಕಣ್ಣುರೆಪ್ಪೆಯಂತೆ ಮತ್ತೆ ಇಳಿದುಕೊಳ್ಳುತ್ತಿತ್ತು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು, ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ದುಡಿದು, ಕಾಶಿಯಲ್ಲೇ ನಿವೃತ್ತರಾದವರು. ಅಸ್ಸಿಯ ಗಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ಯಾವ ಪ್ಲಗ್ ಪಾಯಿಂಟ್ ಕೆಟ್ಟರೂ ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ ಮೇನ್ ಸ್ವಿಚ್ ಇಳಿಸಿ, ಪಿಂಗಾಣಿಯ ಫ್ಯೂಸು ಕಿತ್ತು, ಅದನ್ನು ಆ ಜೇಬಿಗೆ ಹಾಕಿಕೊಂಡೇ ಮೇಲೆ ಬರುತ್ತಿದ್ದರು.

ಕೆಳಗಿನ ಮನೆಯ ನೀರಿನ ಮೋಟಾರೂ ಅದೇ ಲೈನಿನದು. ನಲ್ಲಿಯಲ್ಲಿ ನೀರು ಬಂತೆಂದರೆ ನಮ್ಮ ಗಲ್ಲಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಇಳಿದ ಮೇನ್ ಕಂಡವರು ಎತ್ತಿಬಿಡುತ್ತಾರೆ. ನನ್ನ ಮದುವೆಗೆ ಮೊದಲು ಕೆಳಗಿನ ಮನೆಯ ಭಾಭಿ ಹಾಗೆ ಎತ್ತಿದಾಗ ಮಾವನವರು ಶಾಕ್ ಹೊಡೆದು ಸ್ಟೂಲಿನಿಂದ ಉರುಳಿದ್ದರಂತೆ. ಫ್ಯೂಸು ಜೇಬು ಸೇರಿದ್ದು, ಜೇಬು ಜೋತುಬಿದ್ದದ್ದು ಅಲ್ಲಿಂದ.

“ಬಾಬೂಜಿ, ಜೇಬ್ ಮೇ ಬಿಜಲೀ ಲೇಕೇ ಕಹಾಂ ಚಲೇ?” ಜೇಬಿನಲ್ಲಿ ಕರೆಂಟು ಇಟ್ಟುಕೊಂಡು ಎಲ್ಲಿಗೆ ಹೊರಟಿರೆಂದು ಭಾಭಿ ಕೆಣಕುವರು.

“ತುಮ್ಹಾರೇ ಡರ್ ಸೇ, ಬೇಟಾ” ನಿನ್ನ ಹೆದರಿಕೆಗೇ ಎಂದು ಇವರು ನಗುವರು.

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಕಸೂತಿ ಬಿಟ್ಟರೆ ನನಗೆ ಬೇರೆ ಕೈಕೆಲಸ ಬಾರದು. ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ, ಅಷ್ಟೆ. ಅವರ ಬಳಿ ಪ್ಲಾಸ್ಟಿಕ್ ಹಿಡಿಯ ಎರಡು ಪಿನ್ನುಗಳಿದ್ದ ಒಂದು ಬಲ್ಬಿತ್ತು. ಕೆಟ್ಟ ಪಾಯಿಂಟಿಗೆ ಹಚ್ಚುವ ಮೊದಲು ಅದನ್ನು ಸರಿಯಿರುವ ಕಡೆ ಹೊತ್ತಿಸಿ ನೋಡುವರು.

“ಬಲ್ಬ್ ಹತ್ತಲಿಲ್ಲಂದ್ರ ಕರೆಂಟಿಲ್ಲ ಅಂತ ತಿಳೀಬ್ಯಾಡವಾ. ಬಲ್ಬೇ ಸತ್ತಿರಬಹುದು.”

ಇನ್ನೊಂದು ಮಾತು: “ನಮ್ಮಂಥವರ ಮನ್ಯಾಗ ಮೀನಿನ ವಾಸನಿ ಬಂತಂದ್ರ ಘಾಟ್ ಕಡೆ ನೋಡಬ್ಯಾಡ, ಗ್ವಾಡಿಗೆ ಮೂಗು ಹಚ್ಚು.” ಗೋಡೆಯ ಪಾಯಿಂಟಿನ ಪ್ಲಾಸ್ಟಿಕ್ ಒಳಗೊಳಗೇ ಬೇಯುವಾಗ ಬರುವ ವಾಸನೆ ಅದು.

ಅವರ ಕೊನೆಯ ಚಳಿಗಾಲ. ಮಂಜು ಕಿಟಕಿಯವರೆಗೂ ಬಂದು ನಿಲ್ಲುತ್ತಿತ್ತು. ದೋಣಿಗಳು ಕಾಣುತ್ತಿರಲಿಲ್ಲ, ಹುಟ್ಟಿನ ಸದ್ದು ಮಾತ್ರ. ಮಂಚದ ಪಕ್ಕ ಆಕ್ಸಿಜನ್ ಮಶೀನು ಅವರ ಪರವಾಗಿ ಉಸಿರಾಡುತ್ತಿತ್ತು. ಒಂದು ಮಧ್ಯಾಹ್ನ ನಾನು ಬಟಾಣಿ ಸುಲಿಯುತ್ತ ಕೂತಿದ್ದಾಗ ಮೀನಿನ ವಾಸನೆ ಬಂತು. ಮೂಗಿಗೆ ನಳಿಕೆಯಿದ್ದ ಅವರಿಗೆ ಗೊತ್ತಾಗಲಿಲ್ಲ. ಮಶೀನಿನ ಪ್ಲಗ್ ಪಾಯಿಂಟಿನ ಸುತ್ತ ಚಹಾ ಚೆಲ್ಲಿದಂಥ ಕಂದು ಕಲೆ.

“ಮಾವಾರ, ವಾಸನೆ.”

ಕಣ್ಣು ತೆರೆದರು. ಫೋನು ಮಾಡಿದರೆ ಎಲೆಕ್ಟ್ರಿಷಿಯನ್ ಸಂಜೆ ಬರುವೆನೆಂದ. ನನ್ನವರು ಕಂಟೋನ್ಮೆಂಟಿನ ಬ್ಯಾಂಕಿನಲ್ಲಿ. ಬೇರೆ ಕೋಣೆಯ ಪಾಯಿಂಟಿಗೆ ಮಶೀನಿನ ವೈರು ಮುಟ್ಟದು. ಕೈಯಲ್ಲಿದ್ದ ಸಣ್ಣ ಸಿಲಿಂಡರ್ ಸಂಜೆಯವರೆಗೆ ಬರುವಂಥದ್ದಲ್ಲ.

“ನೀನs ಮಾಡು,” ಎಂದರು.

ನಳಿಕೆಯನ್ನು ಸಿಲಿಂಡರಿಗೆ ಬದಲಿಸಿದೆ. ಬಲ್ಬನ್ನು ಅಡುಗೆಮನೆಯಲ್ಲಿ ಹೊತ್ತಿಸಿ ನೋಡಿದೆ. ಮೇನ್ ಇಳಿಸಿ, ಫ್ಯೂಸು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಪಾಯಿಂಟಿನ ಮೂರು ತೂತುಗಳನ್ನೂ ಎರಡೆರಡಾಗಿ ಮುಟ್ಟಿಸಿದೆ. ಬಲ್ಬು ಕತ್ತಲಾಗಿಯೇ ಇತ್ತು. ಮುಚ್ಚಳ ಬಿಚ್ಚಿದರೆ ಒಂದು ಸ್ಕ್ರೂ ಸಡಿಲ, ಅದರಡಿಯ ಕೆಂಪು ವೈರಿನ ತುದಿ ಕರ್ರಗೆ.

“ಸುಟ್ಟದ್ದನ್ನ ಬಿಗೀಬ್ಯಾಡ. ಒಗದುಬಿಡು. ನನ್ನ ಡಬ್ಬ್ಯಾಗ ಹೊಸಾದೈತಿ.”

ಕಪ್ಪು ತುದಿ ಕತ್ತರಿಸಿ, ತಾಮ್ರ ಹೊಳೆಯುವಷ್ಟು ಸಿಪ್ಪೆ ಬಿಡಿಸಿದೆ. ಅಷ್ಟರಲ್ಲಿ ಕೆಳಗೆ ಕೊಡಗಳ ಸದ್ದು, ಮೇನ್ ಎತ್ತಿದ ಖಟ್ ಶಬ್ದ.

ನನ್ನ ಬೆರಳು ತಾಮ್ರದ ಮೇಲೇ ಇತ್ತು. ಏನೂ ಆಗಲಿಲ್ಲ. ಸೆರಗು ಮಾತ್ರ ತೊಡೆಯ ಮೇಲೆ ಭಾರವಾಗಿ ಕೂತಿತ್ತು.

“ಅರೇ ಬಹೂ, ಪಾನೀ ಆ ಗಯಾ, ಬಿಜಲೀ ಕಹಾಂ ಹೈ?” ನೀರು ಬಂತು, ಕರೆಂಟೆಲ್ಲಿ ಎಂದು ಭಾಭಿಯ ಕೂಗು.

ಮಂಚದ ಮೇಲೆ ಮಾವನವರ ಹೊಟ್ಟೆ ಸದ್ದಿಲ್ಲದೆ ಕುಲುಕುತ್ತಿತ್ತು. ನಗುತ್ತಿದ್ದರು.

“ತಡ್ಕೊ ಅನ್ನು ಆಕೀಗೆ.” ಡಬ್ಬಿಯ ಹೊಸ ಪಾಯಿಂಟಿಗೆ ಮೂರೂ ವೈರು ಬಿಗಿದೆ. “ಒಂದೊಂದs ವೈರ್ ಎಳದು ನೋಡಿದೇನು?”

ಕೆಂಪು, ಕಪ್ಪು, ಹಸಿರು, ಮೂರನ್ನೂ ಎಳೆದು ನೋಡಿದೆ. ಅಲುಗಲಿಲ್ಲ. ಮುಚ್ಚಳ ಹಾಕಿ, ಕೆಳಗಿಳಿದು, ಭಾಭಿಯ ಎದುರೇ ಮೇನ್ ಮತ್ತೆ ಇಳಿಸಿ ಫ್ಯೂಸು ಕೂರಿಸಿ ಎತ್ತಿದೆ. ಮಶೀನು ನಿಟ್ಟುಸಿರಿಟ್ಟು ಶುರುವಾಯಿತು. ನಳಿಕೆಯನ್ನು ಮತ್ತೆ ಅದಕ್ಕೆ ಬದಲಿಸಿದೆ. ಅವರು ಅಂಗೈಯನ್ನು ಹೊಸ ಪಾಯಿಂಟಿನ ಕಡೆ ಚಾಚಿದರು, ಎಟುಕಲಿಲ್ಲ. ನನ್ನ ಅಂಗೈಯನ್ನು ಅಲ್ಲಿಟ್ಟು, ಆಮೇಲೆ ಅವರ ಕೈ ಹಿಡಿದೆ.

“ತಣ್ಣಗೈತಿ,” ಎಂದರು.

ಹೋಳಿ ಹಬ್ಬಕ್ಕೆ ಮೊದಲೇ ಹೋದರು. ಅದೇ ಮಂಚದಲ್ಲಿ, ಆ ಮಶೀನಿನ ಜೊತೆಗೆ, ನಿದ್ದೆಯಲ್ಲಿ.

ಈಗ ಮೋಟಾರು ನಿಂತರೆ ಭಾಭಿ ಬೋರ್ಡಿಗೆ ಕೈ ಹಾಕುವುದಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, ಮೊದಲು ನನ್ನ ಸೆರಗಿನ ತುದಿ ನೋಡುತ್ತಾರೆ.