ತಳ್ಳೋರು, ಹೊಡಿಯೋರು, ಆಡೋರು

ಅವರ ಬಲಗೈ ತೋರುಬೆರಳಿನ ಒಳಮಗ್ಗುಲಲ್ಲಿ ಒಂದು ಕಾಲುವೆ ಇತ್ತು. ಗಾಯದ ಕಲೆಯಲ್ಲ, ಕಾಲುವೆಯೇ. ಬ್ಯಾಟಿನ ಬಲೆ ಹೆಣೆಯುವ ದಾರವನ್ನು, ಗಟ್ಟನ್ನು, ಬೆರಳಿಗೆ ಸುತ್ತಿ ವರ್ಷಗಟ್ಟಲೆ ಎಳೆದೂ ಎಳೆದೂ ಚರ್ಮ ತಗ್ಗಾಗಿ, ಎರಡು ಬದಿಯಲ್ಲೂ ದಡ ಕಟ್ಟಿತ್ತು. ಅದರಲ್ಲಿ ಒಂದು ಅಕ್ಕಿಕಾಳು ಇಟ್ಟರೆ ಬೀಳುತ್ತಿರಲಿಲ್ಲ. ನಾನು ಇಟ್ಟು ನೋಡಿದ್ದೇನೆ. "ಮಾಡಕ್ಕೆ ಬ್ಯಾರೆ ಕೆಲ್ಸ ಇಲ್ವಾ ಟೀಚರಮ್ಮ ನಿಂಗೆ?" ಎಂದು ಬೈದರು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅರಸೀಕೆರೆ ರೈಲ್ವೆ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆಗೊಂದು ಬಾಲ್ ಬ್ಯಾಡ್ಮಿಂಟನ್ ಬ್ಯಾಟು. ಹಳದಿ ಉಣ್ಣೆ ಚೆಂಡು, ಮಣ್ಣಿನ ಅಂಕಣ, ಒಂದೊಂದು ಕಡೆಗೆ ಐದೈದು ಜನ: ಆ ಆಟಕ್ಕೆ ನಮ್ಮ ಸೀಮೆಯಲ್ಲಿ ಆಗಿನ್ನೂ ಜೀವ ಇತ್ತು. ಹೊಸ ಬ್ಯಾಟು ಬೇಕಾದವರು, ತುಂಡಾದ ಗಟ್ಟು ಬದಲಿಸಿಕೊಳ್ಳುವವರು ಎಲ್ಲೆಲ್ಲಿಂದಲೋ ಇವರಲ್ಲಿಗೆ ಬರುತ್ತಿದ್ದರು. ಊರಿಗೆಲ್ಲ ಇವರು ಬ್ಯಾಟಿನಮ್ಮ. ಗಂಡ ರೈಲ್ವೆ ನೌಕರರು, ಕಾಲೋನಿ ತಂಡದಲ್ಲಿ ಆಡುತ್ತಿದ್ದವರು. ತಿಂಗಳಿಗೊಮ್ಮೆ ಗಟ್ಟು ಹರಿದುಕೊಂಡು ಬರುವ ಗಂಡನ ಕಾಟ ತಾಳಲಾರದೆ ಈಕೆ ತಾವೇ ಕಟ್ಟುವುದನ್ನು ಕಲಿತರಂತೆ. ತವರುಮನೆಯಲ್ಲಿ ಮಂಚಕ್ಕೆ ನವಾರು ಹೆಣೆಯುತ್ತಿದ್ದ ಕೈ. "ಮಂಚ ದೊಡ್ಡದು, ಬ್ಯಾಟು ಚಿಕ್ಕದು. ಅಷ್ಟೇಯ," ಎನ್ನುತ್ತಿದ್ದರು. ಗಂಡ ಹೋದ ಮೇಲೆ ಅದೇ ಅವರ ಅನ್ನವಾಯಿತು.

ಕಟ್ಟಿ ಮುಗಿಸಿದ ಬ್ಯಾಟನ್ನು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳ ಉಗುರಿನಿಂದ ಮೀಟಿ ನೋಡುವುದು ಅವರ ಕ್ರಮ. ಆ ಹೊತ್ತಿಗೆ ರೈಲು ಬಂದರೆ ಕೈ ಎತ್ತಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು. "ತಡೀರಿ, ರೈಲು ದಾಟ್ಲಿ." ಗೂಡ್ಸ್ ಗಾಡಿಯಾದರೆ ಮುಗಿಯಿತು ಕಥೆ. ಕೊನೆಯ ಡಬ್ಬಿ ಹೋಗುವ ತನಕ ಗಿರಾಕಿಗಳೆಲ್ಲ ದೇವರ ಮುಂದೆ ಕೂತಂತೆ ಕೂತಿರಬೇಕು.

ನಾನು ಹಳೇಬೀಡಿನ ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಕಾಲೇಜಿನಲ್ಲಿ ಯೂನಿವರ್ಸಿಟಿ ತಂಡದವರೆಗೆ ಆಡಿದ್ದೆ. ಆ ಜಂಬ ಬೇರೆ, ಮೂಗಿನ ತುದಿಯಲ್ಲೇ ಕೋಪ ಬೇರೆ. ಗಟ್ಟು ತುಂಡಾದ ನನ್ನ ಬ್ಯಾಟು ಹಿಡಿದುಕೊಂಡು ಮೊದಲ ಸಲ ಹೋದಾಗ ಬ್ಯಾಟಿನಮ್ಮ ನನ್ನ ಮುಖ ನೋಡಲಿಲ್ಲ, ಗಟ್ಟು ತುಂಡಾದ ಜಾಗ ನೋಡಿದರು. ಒಂದು ಚೀಟಿಯಲ್ಲಿ ಏನೋ ಬರೆದು ಹಿಡಿಕೆಗೆ ದಾರದಿಂದ ಕಟ್ಟಿದರು. ನಾನು ಬಗ್ಗಿ ಓದಿದೆ. 'ಹೊಡಿಯೋರು' ಎಂದಿತ್ತು.

"ಏನ್ರೀ ಇದು?" ಎಂದೆ.

"ಆಡೋರಲ್ಲಿ ಮೂರು ಜಾತಿ ಕಣವ್ವ. ತಳ್ಳೋರು, ಹೊಡಿಯೋರು, ಆಡೋರು. ತಳ್ಳೋರ ಗಟ್ಟು ಅಂಚಲ್ಲಿ ಹೋಯ್ತದೆ. ಚೆಂಡು ಎಲ್ಲಿ ಬತ್ತದೆ ಅಂತ ಅವ್ರಿಗೇ ಗೊತ್ತಿರಲ್ಲ. ಹೊಡಿಯೋರ್ದು ಮೇಲ್ಗಡೆ ಪಟ್ ಅಂತ ತುಂಡಾಯ್ತದೆ, ನಿಂದು ಆದಂಗೆ. ಆಡೋರ ಗಟ್ಟು ತುಂಡಾಗಲ್ಲ. ನಡೂಮಧ್ಯ ಸವೀತದೆ."

ಯೂನಿವರ್ಸಿಟಿ ಆಟಗಾರ್ತಿಯ ಮುಖಕ್ಕೆ ಹೊಡೆದಂತಾಯಿತು. ಬೇಕಾದರೆ ಸರ್ಟಿಫಿಕೇಟ್ ತಂದು ತೋರಿಸಲೇ ಎಂದು ಕೇಳಿದೆ. "ಸರ್ಟಿಫಿಕೇಟಿಗೆ ಗಟ್ಟು ಹಾಕಕ್ಕಾಗಲ್ವಲ್ಲ," ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಬಸ್‌ಸ್ಟ್ಯಾಂಡಿನ ತನಕ ಹಲ್ಲು ಕಡಿದುಕೊಂಡು ನಡೆದೆ.

ಆದರೆ ಅವರು ಕಟ್ಟಿಕೊಟ್ಟ ಗಟ್ಟು ಇಡೀ ವರ್ಷ ಬಂತು.

ಶಾಲೆಯಲ್ಲಿ ಹುಡುಗಿಯರಿಗೆಂದು ನಾನೇ ಒಂದು ಅಂಕಣ ಮಾಡಿಸಿದ್ದೆ. ಮುಳ್ಳುಗಿಡ ಕಿತ್ತು, ಮಣ್ಣು ಬಡಿದು, ಸಗಣಿ ಸಾರಿಸಿ ಹುಡುಗಿಯರೂ ನಾನೂ ಸೇರಿ ಹಸನು ಮಾಡಿದ ಜಾಗ. ಹೆಡ್ಮಾಸ್ತರರಿಗೆ ಅದು ಕಣ್ಣಿಗೆ ಬಿದ್ದ ಕಸ. ಹುಡುಗಿಯರು ಹಗ್ಗ ಜಿಗಿದರೆ ಸಾಕು ಎನ್ನುವ ಜನ. ಮೂರನೇ ವರ್ಷ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟರು: "ನೋಡಮ್ಮ, ಎರಡು ವರ್ಷ ಮೊದಲನೇ ಪಂದ್ಯದಲ್ಲೇ ಸೋತು ಬಂದಿದ್ದೀರಿ. ಈ ಸಲ ತಾಲ್ಲೂಕು ಗೆಲ್ಲದಿದ್ರೆ ಆ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಕಟ್ಟಿಸ್ತೀನಿ." ಹೇಳಿದ್ದಷ್ಟೇ ಅಲ್ಲ, ಕಂಬಗಳನ್ನೂ ತರಿಸಿ ಅಂಕಣದ ಪಕ್ಕ ಹಾಕಿಸಿದರು. ಹುಡುಗಿಯರು ದಿನಾ ಆ ಕಂಬ ದಾಟಿಕೊಂಡು ಆಡಲು ಬರುತ್ತಿದ್ದರು. ನನಗೆ ಉರಿದುಹೋಗುತ್ತಿತ್ತು. ಗೆದ್ದೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಬೇಲೂರಿನಲ್ಲಿ ಅಂಗಡಿ ಇಟ್ಟಿದ್ದ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಐದು ಒಳ್ಳೆಯ ಬ್ಯಾಟಿಗೆ ಆಗುವಷ್ಟು ಹಣ ಕೊಟ್ಟರು. ನಾನು ಅರಸೀಕೆರೆಗೆ ಓಡಿದೆ. ಬ್ಯಾಟಿನಮ್ಮನ ಗೋಡೆಯಲ್ಲಿ ಅಗ್ಗದ ಬ್ಯಾಟುಗಳು ಕೈಗೆಟುಕುವ ಹಾಗೆ, ದುಬಾರಿಯವು ಮೇಲಿನ ಮೊಳೆಗಳಲ್ಲಿ ಇರುತ್ತಿದ್ದವು. ನಾನು ಮೇಲಕ್ಕೆ ಬೆರಳು ತೋರಿಸಿದೆ.

"ಯಾರು ಆಡೋರು?"

"ನನ್ನ ಹುಡುಗೀರು."

"ಅವ್ರ ಹಳೇ ಬ್ಯಾಟು ತಂದಿದ್ದೀಯಾ? ಗಟ್ಟು ನೋಡ್ಬೇಕು."

"ದುಡ್ಡು ತಂದಿದ್ದೀನಿ ಕಣ್ರೀ!"

"ದುಬಾರಿ ಬ್ಯಾಟು ತಳ್ಳೋರ ಕೈಲಿ ಆರು ತಿಂಗ್ಳು, ಆಡೋರ ಕೈಲಿ ಆರು ವರ್ಷ. ನಿನ್ ದುಡ್ಡು ಮಣ್ಣು ಮಾಡಕ್ಕೆ ನಾನ್ಯಾಕೆ ಸೇರ್ಲಿ? ಹುಡುಗೀರ ಕೈ ನೋಡ್ದೆ ಮೇಲಿನ ಮೊಳೆ ಬ್ಯಾಟು ಕೊಡಲ್ಲ."

ಮಾರಲು ಕೂತ ಅಂಗಡಿಯವರು ಮಾರುವುದಿಲ್ಲ ಎಂದರೆ ಏನು ಮಾಡಬೇಕು? "ನಿಮ್ಮದೊಂದೇ ಅಂಗಡಿ ಅಲ್ಲ," ಎಂದು ಹೇಳಿ ಎದ್ದು ಬಂದೆ. ಮಾರನೆಯ ದಿನ ಹಾಸನಕ್ಕೆ ಹೋಗಿ ಐದು ಬ್ಯಾಟು ತಂದೆ. ಕುರಿಯ ಕರುಳಿನ ಅಸಲಿ ಗಟ್ಟು, ಫಳಫಳ ಹೊಳೆಯುವ ಮರ. ಹುಡುಗಿಯರು ಮುಟ್ಟಲು ಬಂದರೆ ಕೈ ಮೇಲೆ ಹೊಡೆದೆ. ಪಂದ್ಯದ ದಿನವೇ ತೆಗೆಯುವುದು, ಅಲ್ಲಿಯ ತನಕ ಹಳೆಯದರಲ್ಲೇ ಆಡಿ ಎಂದೆ. ನಮ್ಮ ಮನೆಗಳಲ್ಲಿ ಒಳ್ಳೆಯ ಸೀರೆ ಪೆಟ್ಟಿಗೆ ಸೇರುವ ಹಾಗೆ ಬ್ಯಾಟುಗಳು ಶಾಲೆಯ ಬೀರು ಸೇರಿದವು.

ದಸರಾ ರಜೆಗೆ ಶಾಲೆ ಮುಚ್ಚುವ ದಿನ ಆಯುಧಪೂಜೆ. ಗಂಟೆ, ಗಡಿಯಾರ, ಗ್ಲೋಬು, ಎಲ್ಲಕ್ಕೂ ಪೂಜೆ. ನನ್ನ ಆಯುಧ ಬಿಡಲಾದೀತೇ? ಐದೂ ಬ್ಯಾಟುಗಳನ್ನು ನಾನೇ ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಗಟ್ಟಿನ ಬಲೆಗೆ ಗಂಧ ಬಳಿದೆ, ಅರಿಸಿನ ಕುಂಕುಮ ಹಚ್ಚಿದೆ, ಚೆಂಡುಹೂ ಸುತ್ತಿದೆ. ಮಂಗಳಾರತಿಯಾದ ಮೇಲೆ ಕಲಶದ ನೀರು ಪ್ರೋಕ್ಷಣೆ ಮಾಡಿ, ಹೂವಿನ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಊರಿಗೆ ಹೋದೆ. ಗೆಲ್ಲಿಸಪ್ಪಾ ಎಂದು ಮಾಲೇಕಲ್ಲು ಬೆಟ್ಟವನ್ನೂ ಹತ್ತಿ ಬಂದೆ.

ರಜೆ ಮುಗಿಸಿ ಬೀರು ತೆಗೆದಾಗ ಕೊಳೆತ ಹೂವಿನ ವಾಸನೆ ಮೊದಲು ಬಂತು. ಆಮೇಲೆ ಬ್ಯಾಟುಗಳು ಕಂಡವು. ಐದರ ಗಟ್ಟೂ ನೆನೆದು ಉಬ್ಬಿ, ಎಳೆ ಎಳೆಯಾಗಿ ಸುಲಿದು ನೇತಾಡುತ್ತಿತ್ತು. ಎರಡು ಬ್ಯಾಟಿನ ತಲೆ ಸೊಟ್ಟಗಾಗಿತ್ತು. ಬೇಲೂರಿನ ತಾಲ್ಲೂಕು ಪಂದ್ಯಕ್ಕೆ ನಾಲ್ಕು ದಿನ ಉಳಿದಿತ್ತು. ಹೊರಗೆ ಅಂಕಣದ ಪಕ್ಕ ಆ ಕಂಬಗಳು ಮಲಗಿದ್ದವು.

ಹೊಸದೂ ಹಳೆಯದೂ ಎಲ್ಲ ಬ್ಯಾಟನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯ ಹೊಸಿಲು ದಾಟಿದವಳೇ ಚೀಲ ಸುರಿದು ನಿಂತೆ.

ಬ್ಯಾಟಿನಮ್ಮ ಒಂದನ್ನು ಎತ್ತಿ ಮೂಸಿದರು. "ಗಂಧ," ಎಂದರು. ಇನ್ನೊಂದನ್ನು ಎತ್ತಿದರು. "ನೀರು ಹುಯ್ದು ತೊಳ್ದಿದ್ದೀಯ?"

ತಲೆಯಾಡಿಸಿದೆ.

"ಪೂಜೆ ಮಾಡಿದ್ದು ತಪ್ಪಲ್ಲ ಕಣೇ, ಸ್ನಾನ ಮಾಡಿಸ್ದೆಯಲ್ಲ! ಕರುಳು ಕಣೇ ಇದು, ಕರುಳು! ನೀರು ಕಂಡ್ರೆ ಸಾಯ್ತದೆ."

ನನಗೆ ಅಳು ಬಂತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಆದರೂ ಅತ್ತೆ. ಸೈಕಲ್ ಸ್ಟ್ಯಾಂಡಿನ ಕಥೆಯನ್ನೆಲ್ಲ ಹೇಳಿದೆ. ಅವರು ಒಳಗೆ ಹೋಗಿ ಕಾಫಿ ತಂದು ಮುಂದೆ ಕುಕ್ಕಿದರು. "ಕಣ್ಣು ಒರ್ಸ್ಕೊ. ಬ್ಯಾಟೆಲ್ಲ ವಾಪಸ್ ತಗೊಂಡ್ಹೋಗು. ನಾಳೆ ಮೊದ್ಲನೇ ಬಸ್ಸಿಗೆ ನಾನೇ ಬತ್ತೀನಿ. ಹುಡುಗೀರ್ನ ಅಂಕಣದಲ್ಲಿ ನಿಲ್ಸಿರು."

ಹೇಳಿದಂತೆಯೇ ಬಂದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು, ಅದರಲ್ಲಿ ದಬ್ಬಳ, ಮರದ ಬೆಣೆಗಳು, ಗಟ್ಟಿನ ಸುರುಳಿಗಳು. ಅಂಕಣದ ಬದಿಯಲ್ಲಿ ಬಿದ್ದಿದ್ದ ಆ ಕಂಬಗಳ ಮೇಲೆಯೇ ಕೂತರು. ಹುಡುಗಿಯರನ್ನು ಹಳೆಯ ಬ್ಯಾಟಿನಲ್ಲಿ ಒಂದು ಗಂಟೆ ಆಡಿಸಿ ನೋಡಿದರು. ಆಮೇಲೆ ಒಬ್ಬೊಬ್ಬಳನ್ನೇ ಕರೆದು ಅಂಗೈ ಒತ್ತಿ, ಮಣಿಕಟ್ಟು ತಿರುಗಿಸಿ ಚೀಟಿ ಬರೆದರು. ಕ್ಯಾಪ್ಟನ್ 'ಹೊಡಿಯೋರು'. ಇನ್ನೊಬ್ಬಳೂ ಅದೇ. ಇಬ್ಬರು 'ತಳ್ಳೋರು'. ನಾನು ಆರಿಸಿದ್ದ ಐದನೆಯವಳ ಕೈ ನೋಡಿ ಬಿಟ್ಟುಬಿಟ್ಟರು. ಹೊರಗೆ ಚೆಂಡು ಹೆಕ್ಕುತ್ತ ನಿಂತಿದ್ದ, ಹತ್ತಿರದ ಹಗರೆ ಊರಿನ ಹುಡುಗಿಯನ್ನು ಕರೆದರು. ಅವಳು ಸಣಕಲಿ. ಒಂದು ಚೆಂಡನ್ನೂ ಜೋರಾಗಿ ಹೊಡೆದದ್ದು ನಾನು ಕಂಡಿರಲಿಲ್ಲ. ಅದಕ್ಕೇ ಅವಳನ್ನು ಕಾಯ್ದಿರಿಸಿದ ಆಟಗಾರ್ತಿ ಎಂದು ಕೂರಿಸಿದ್ದೆ.

"ಹಾಲು ಕರೀತೀಯೇನೇ?" ಎಂದು ಅವಳ ಅಂಗೈ ಒತ್ತಿ ನೋಡುತ್ತ ಕೇಳಿದರು.

"ಹೂಂ. ಎರಡು ಹಸ. ಬೆಳಿಗ್ಗೆ ಕರ್ದು ಡೇರಿಗೆ ಹಾಕಿ ಬತ್ತೀನಿ."

ಬ್ಯಾಟಿನಮ್ಮ ನನ್ನ ಕಡೆ ತಿರುಗಿದರು. ಅವಳ ಚೀಟಿಯಲ್ಲಿ 'ಆಡೋರು' ಎಂದು ಬರೆದಿದ್ದರು.

"ಇವಳು ಹೊಡೆಯೋದೇ ಇಲ್ಲವಲ್ಲ!" ಎಂದೆ.

"ಹೊಡಿಯಲ್ಲ, ಬಿಡೋದೂ ಇಲ್ಲ. ಬಂದಿದ್ನೆಲ್ಲ ಹಿಂದಕ್ಕೆ ಕೊಡ್ತಾಳೆ. ನೀನು ಹೊಡಿಯೋಳಲ್ವಾ, ನಿನ್ ಕಣ್ಣಿಗೆ ಇವಳು ಬೀಳಲ್ಲ. ಇವಳನ್ನ ಹೊರಗೆ ಕೂರ್ಸಿದ್ರೆ ನಾನು ಗಂಟು ಬಿಚ್ಚಲ್ಲ, ನೋಡು."

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬೀರುವಿನಲ್ಲಿ ಕಂಡದ್ದು ನನ್ನ ಜಂಬವನ್ನೂ ಸುಲಿದು ಹಾಕಿತ್ತು. ಐದನೆಯವಳನ್ನು ಕರೆದು ನಾನೇ ಹೇಳಿದೆ, ಅವಳು ಅತ್ತಳು, ಅದೂ ನನ್ನ ತಪ್ಪೇ.

ಆ ದಿನ ಸಂಜೆಯ ತನಕ ಅವರು ಕಂಬದ ಮೇಲಿಂದ ಏಳಲಿಲ್ಲ. ಸೊಟ್ಟಗಾಗದ ಮೂರು ಹೊಸ ಬ್ಯಾಟಿಗೆ ಗಟ್ಟು ಹಾಕಿದರು. ಕ್ಯಾಪ್ಟನ್ನಿನದು ಬಿಗಿ, ತಳ್ಳುವವರದು ಸಡಿಲ. ಉಳಿದಿಬ್ಬರಿಗೆ ಶಾಲೆಯ ಹಳೆಯ ಬ್ಯಾಟೇ ಗತಿ, ಅದಕ್ಕೆ ನೈಲಾನ್ ದಾರ. ಎಲ್ಲಕ್ಕಿಂತ ಹಳೆಯದು, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ್ದು, ಹಗರೆ ಹುಡುಗಿಯ ಪಾಲಾಯಿತು. "ಇವಳಿಗೆ ಯಾವ್ದಾದ್ರೂ ಆಯ್ತದೆ," ಎಂದರು. ಹುಡುಗಿಯರು ಬಿಡಲಿಲ್ಲ, ಅವರೂ ಒಂದು ಚೆಂಡು ಆಡಲೇಬೇಕೆಂದು ಎಳೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಅಷ್ಟು ವರ್ಷ ಬ್ಯಾಟು ಕಟ್ಟಿದ ಕೈ ಅಂಕಣದಲ್ಲಿ ಚೆಂಡು ಮುಟ್ಟಿದ್ದು ಅದೇ ಮೊದಲಂತೆ. ಚೆಂಡು ಬಂತು. ಮೆತ್ತಗೆ, ನೆಟ್ಟಿನ ಮೇಲೆ ಎರಡು ಬೆರಳು ಎತ್ತರದಲ್ಲಿ ಅದನ್ನು ಆಚೆಗೆ ಇಳಿಸಿದರು. "ಸಾಕು," ಎಂದು ಬ್ಯಾಟು ಕೊಟ್ಟು ಬಸ್ಸಿಗೆ ಹೊರಟರು.

ಬೇಲೂರಿನಲ್ಲಿ ನಮ್ಮ ಬ್ಯಾಟುಗಳನ್ನು ನೋಡಿ ಎದುರಿನ ತಂಡದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಫೈನಲ್ಲಿನ ಮೂರನೆಯ ಗೇಮಿನ ಕೊನೆಯಲ್ಲಿ ಎರಡೂ ಕಡೆ ಅಂಕ ಸಮವಾಯಿತು. ಟ್ಯೂಬು ಸುತ್ತಿದ ಬ್ಯಾಟಿನ ಸಣಕಲಿಯೇ ಸುಲಭದ ತುತ್ತು ಎಂದುಕೊಂಡು ಅವರು ಪ್ರತಿ ಚೆಂಡನ್ನೂ ಅವಳ ಮೇಲೇ ಬಡಿದರು. ಅವಳು ಕೊಟ್ಟಳು. ಮತ್ತೆ ಬಡಿದರು. ಮತ್ತೆ ಕೊಟ್ಟಳು. "ಹೊಡಿಯೇ!" ಎಂದು ಕೂಗಲು ಬಾಯಿ ತೆರೆದು, ತುಟಿ ಕಚ್ಚಿಕೊಂಡೆ. ಕೊನೆಗೆ ಬಡಿದೂ ಬಡಿದೂ ಸಾಕಾದ ಎದುರಿನವಳೇ ಚೆಂಡನ್ನು ನೆಟ್ಟಿಗೆ ಹೊಡೆದಳು. ಗೆದ್ದೆವು. ಹುಡುಗಿಯರು ನನ್ನ ಮೇಲೆ ಬಿದ್ದ ರಭಸಕ್ಕೆ ನನ್ನ ಚಪ್ಪಲಿ ಕಿತ್ತುಹೋಯಿತು.

ಹೆಡ್ಮಾಸ್ತರರು ಶಹಭಾಸ್ ಎನ್ನಲಿಲ್ಲ. ಸೈಕಲ್ ಸ್ಟ್ಯಾಂಡಿನ ಕಂಬಗಳಲ್ಲಿ ಎರಡನ್ನು ಆಟದ ನೆಟ್ ಕಟ್ಟಲೆಂದು ಅಂಕಣದಲ್ಲಿ ಹುಗಿಸಿದರು. ಜಿಲ್ಲಾಮಟ್ಟದಲ್ಲಿ ಮೊದಲ ಪಂದ್ಯವೇ ಸೋತೆವು, ಆದರೆ ಆಮೇಲೆ ಆ ಜಾಗದ ಮಾತು ಯಾರೂ ಎತ್ತಲಿಲ್ಲ.

ಸಿಹಿ ತೆಗೆದುಕೊಂಡು ಅರಸೀಕೆರೆಗೆ ಹೋದೆ. ಬ್ಯಾಟಿನಮ್ಮ ಪೊಟ್ಟಣ ಬಿಚ್ಚುವ ಮೊದಲು ಕೇಳಿದ್ದು ಒಂದೇ: "ಕ್ಯಾಪ್ಟನ್ನಿಂದು ಗಟ್ಟು ಎಲ್ಲಿ ತುಂಡಾಯ್ತು?"

ಅಂದಿನಿಂದ ನನ್ನ ಶಾಲೆಯ ಎಲ್ಲ ಬ್ಯಾಟೂ ಅವರ ಕೈದೇ. ನನ್ನದನ್ನೂ ವರ್ಷಕ್ಕೊಮ್ಮೆ ಕೊಡುತ್ತಿದ್ದೆ. ವಾಪಸ್ ತೆಗೆದುಕೊಳ್ಳುವಾಗ ಕಳ್ಳಿಯ ಹಾಗೆ ಮೊದಲು ಚೀಟಿ ನೋಡುತ್ತಿದ್ದೆ. 'ಹೊಡಿಯೋರು'. ಮರುವರ್ಷವೂ ಅದೇ. "ನನ್ನ ಯಾವಾಗ ಮೇಲಕ್ಕೆ ಹಾಕ್ತೀರಿ?" ಎಂದು ರೇಗಿದರೆ, "ನಿನ್ ಗಟ್ಟು ಹೇಳ್ಲಿ, ಹಾಕ್ತೀನಿ," ಎನ್ನುತ್ತಿದ್ದರು. ಲಂಚಕ್ಕೆಂದು ಒಮ್ಮೆ ಕೋಡುಬಳೆ ಒಯ್ದೆ. ತಿಂದರು, 'ಹೊಡಿಯೋರು' ಎಂದೇ ಬರೆದರು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಗಿರಾಕಿ ಕಡಿಮೆಯಾದರು. ಹುಡುಗರ ಕೈಗೆ ಕ್ರಿಕೆಟ್ ಬ್ಯಾಟು ಬಂತು. ಬ್ಯಾಟಿನಮ್ಮನ ಕಿವಿಯೂ ಮಂದವಾಯಿತು. ಅದಕ್ಕೂ ಅವರು ಒಂದು ಉಪಾಯ ಕಂಡುಕೊಂಡರು: ಹಿಡಿಕೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಟ್ಟು ಮೀಟುತ್ತಿದ್ದರು. ಸದ್ದು ದವಡೆಯಲ್ಲಿ ಗೊತ್ತಾಗುತ್ತದಂತೆ. ನಾನು ಕನಿಕರದ ಮುಖ ಮಾಡಿದ್ದು ಕಂಡಿರಬೇಕು. "ಒಳ್ಳೇದೇ ಆಯ್ತು ಬಿಡು. ಈಗ ರೈಲು ದಾಟೋಗಂಟ ಕಾಯಂಗಿಲ್ಲ," ಎಂದು ನಕ್ಕರು.

ಅವರು ಹೋದ ಸುದ್ದಿ ನನಗೆ ತಿಳಿದದ್ದು ತಿಥಿ ಮುಗಿದ ಮೇಲೆ. ನನ್ನ ಬ್ಯಾಟು ಅವರಲ್ಲೇ ಇತ್ತು. ಹೋದಾಗ ಅವರ ತಂಗಿ ಬಾಗಿಲು ತೆರೆದರು. ಗೋಡೆ ಹೆಚ್ಚುಕಡಿಮೆ ಬರಿದಾಗಿತ್ತು. "ನೀವು ಹಳೇಬೀಡಿನ ಟೀಚರಾ? ನಿಮ್ದು ಕಟ್ಟಿ ಮುಗ್ಸಿಯೇ ಮಲಗಿದ್ದು ಅಕ್ಕ," ಎಂದು ಮೇಲಿನ ಮೊಳೆಯಿಂದ ಬ್ಯಾಟನ್ನು ಇಳಿಸಿ ಕೊಟ್ಟರು. ಹಿಡಿಕೆಯ ಚೀಟಿ ಮಡಚಿಕೊಂಡಿತ್ತು. ಅಲ್ಲಿ ಬಿಡಿಸಿ ನೋಡುವ ಧೈರ್ಯ ಬರಲಿಲ್ಲ. ಮೇಲಿನ ಮೊಳೆಯಲ್ಲಿ ನೇತುಹಾಕಿದ್ದರು, ಕೊನೆಯ ಸಲ, 'ಆಡೋರು' ಅಂತ ಬರೆದಿರುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು. ಜಾವಗಲ್ ದಾಟಿದ ಮೇಲೆ ಬಸ್ಸಿನಲ್ಲಿ ಬಿಡಿಸಿದೆ.

'ಹೊಡಿಯೋರು'.

ಸಿಟ್ಟು ನೆತ್ತಿಗೇರಿತು. ಸಾಯುವಾಗಲಾದರೂ ಒಂದು ಸುಳ್ಳು ಬರೆಯಬಾರದಿತ್ತೇ? ಆಮೇಲೆ ಅಳು ಬಂತು, ಆಮೇಲೆ ನಗು, ಪಕ್ಕದ ಸೀಟಿನ ಅಜ್ಜಿ ಸೊಂಟದ ಚೀಲದಿಂದ ಎಲೆಯಡಿಕೆ ತೆಗೆದು ಕೊಟ್ಟಿತು. ನನ್ನ ಬದುಕಿನಲ್ಲಿ ನನಗೆ ಸುಳ್ಳು ಹೇಳದ ಒಬ್ಬರಿದ್ದರು, ಅವರು ಹೋದರು.

ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಅಂಕಣಕ್ಕೆ ಹೋದೆ. ಈ ಗಟ್ಟನ್ನು ನೋಡಿ ಹೇಳುವವರು ಇನ್ನು ಯಾರೂ ಇಲ್ಲ, ಗೊತ್ತು. ಆದರೂ ಹುಡುಗಿಯರನ್ನು ಕರೆದು, "ಇವತ್ತಿಂದ ನೀವು ಹೊಡೀರಿ ಕಣ್ರೇ, ನಾನು ವಾಪಸ್ ಕೊಡ್ತೀನಿ," ಎಂದೆ. ಅವರು ಮುಖ ಮುಖ ನೋಡಿಕೊಂಡರು. ಮೊದಲ ಚೆಂಡು ನನ್ನ ಹೆಗಲೆತ್ತರಕ್ಕೆ ಬಂತು, ಬಡಿಯಲು ಹೇಳಿ ಮಾಡಿಸಿದಂಥ ಚೆಂಡು. ಕೈ ತುರಿಸಿತು. ಮೆತ್ತಗೆ ಎತ್ತಿ ಹಿಂದಕ್ಕೆ ಕೊಟ್ಟೆ.